ವಾರಿಜಕ್ಕನ ಆರು ಮೊಗ್ಗುಗಳು

ಅಥವಾ ಏಳಿದ್ದವೇ? ನನ್ನ ನೆನಪಿಗೆ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಡುವ ಕೆಟ್ಟ ಚಟವಿದೆ, ನಂಬುವಂತಿಲ್ಲ. ಹೆಂಡತಿ ಆರು ಎನ್ನುತ್ತಾಳೆ. ಆರೇ ಇರಲಿ.

ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯ ವಾರಿಜಕ್ಕ ಉಡುಪಿ ಕಡೆಯವರು. ಅವರ ಕಿಟಕಿಯ ಬಳಿ ಕೆಂಪು ದಾಸವಾಳದ ಗಿಡ. ಒಂದು ದಿನ ಮೇಲೆ ನಮ್ಮ ಮನೆಗೆ ಬಂದರು. ಮರುದಿನ ಅವರ ಗಂಡನಿಗೆ ಕಣ್ಣಿನ ಆಪರೇಷನ್. ಹೊರಡುವ ಮುಂಚೆ ಗಣಪತಿಗೆ ಐದು ಹೂ ಇಡುತ್ತೇನೆಂದು ಹೇಳಿಕೊಂಡಿದ್ದರು. ಗಿಡದಲ್ಲೇ ಬಿಟ್ಟರೆ ಮುಂಜಾನೆ ವಾಕಿಂಗಿನವರು ಚೀಲ ಹಿಡಿದು ಬಂದು ಬೋಳಿಸುತ್ತಾರೆ. ಹಿಂದಿನ ಸಂಜೆಯೇ ಮೊಗ್ಗು ಕಿತ್ತಿಟ್ಟರೆ ಬೆಳಿಗ್ಗೆ ಮನೆಯೊಳಗೇ ಅರಳುತ್ತವೆ.

“ನಾವು ಟೆಸ್ಟ್ ಮುಗಿಸಿ ಬರುವಾಗ ತಡ ಆಗ್ತದೆ. ನೀವು ಕಿತ್ತಿಡಿ ಮಾರಾಯ್ರೆ. ಬೇರೆ ಎಂತದೂ ಮಾಡ್ಬೇಡಿ,” ಎಂದರು.

ಇದೂ ಒಂದು ಕೆಲಸವೇ! ಆರು ಸಿಕ್ಕಿದವು. ಬೇಕಾದದ್ದು ಐದು. ಅಂದರೆ ವಿಜ್ಞಾನಕ್ಕೆ ಒಂದು.

ಬಿಚ್ಚಿದೆ. ಹೊರಗೆ ಹಸಿರು ಎಸಳುಗಳು ಅಂಚಿಗೆ ಅಂಚು ತಾಗಿಸಿ ನಿಂತಿದ್ದವು. ಒಳಗೆ ಐದು ಕೆಂಪು ದಳ. ಪ್ರತಿಯೊಂದರ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಆಚೆಯದ್ದರ ಕೆಳಗೆ. ಮೊದಲನೆಯದೂ ಇಲ್ಲ, ಕೊನೆಯದೂ ಇಲ್ಲ. ಹೀಗೊಂದು ಕಥೆ ಬರೆಯಬೇಕೆಂದು ವರ್ಷಗಳಿಂದ ಒದ್ದಾಡುತ್ತಿದ್ದೇನೆ. ಬಲಕ್ಕೆ ಸುತ್ತಿತ್ತು. ಎಲ್ಲವೂ ಬಲಕ್ಕೇ ಇರಬಹುದೇ? ಎರಡನೆಯದನ್ನು ಬಿಚ್ಚಿದೆ. ಎಡ! ತೀರ್ಮಾನಕ್ಕೆ ಮೂರನೆಯದು ಅನಿವಾರ್ಯವಾಯಿತು. ಬಲ. ನಾಲ್ಕನೆಯದು ಎಡ. ಸಮಬಲವಾದರೆ ಬಿಡುವುದುಂಟೇ? ಐದನೆಯದರಲ್ಲಿ ಬಲ ಗೆದ್ದಿತು!

ಹೆಂಡತಿ ಬಂದು ಮೇಜನ್ನು ನೋಡಿದಳು.

“ಸುತ್ತು ಯಾವ ಕಡೆಗೆ ಅಂತ ಮೊಗ್ಗಿನ ತುದಿ ನೋಡಿದರೇ ತಿಳಿಯುತ್ತಿತ್ತಲ್ಲ?”

ತಿಳಿಯುತ್ತಿತ್ತು.

ಮತ್ತೆ ಮುಚ್ಚಲು ಕೂತೆ. ರಟ್ಟಿನ ಡಬ್ಬದ ಬಾಯಿ ಮುಚ್ಚುವಾಗ ಕೊನೆಯ ರೆಕ್ಕೆಯನ್ನು ಮೊದಲನೆಯದರ ಕೆಳಗೆ ತೂರಿಸುತ್ತೇವಲ್ಲ, ಹಾಗೆಯೇ ಎಂದುಕೊಂಡೆ. ರಟ್ಟು ಬಾಡುವುದಿಲ್ಲ, ದಳ ಬಾಡಿತು. ಕೊನೆಗೆ ಹೊಲಿಗೆಯ ಕೆಂಪು ದಾರ ಸುತ್ತಿ ನೀರು ಚಿಮುಕಿಸಿ ತಟ್ಟೆಯಲ್ಲಿಟ್ಟೆ.

ಬೆಳಿಗ್ಗೆ ವಾರಿಜಕ್ಕ ಬಂದರು. ತಟ್ಟೆಯಲ್ಲಿ ಐದು ಒದ್ದೆ ಬತ್ತಿಗಳು, ಅರಳಿದ್ದ ಒಂದು ಹೂ.

“ಇದೆಂತದು?”

“ಕೆಲವು ಎಡಕ್ಕೆ, ಕೆಲವು ಬಲಕ್ಕೆ ಸುತ್ತಿಕೊಳ್ಳುತ್ತವೆ ಅಕ್ಕ. ಅದು ಪ್ರಕೃತಿ.”

“ದಾರ ಕಟ್ಟಿದ್ದೂ ಪ್ರಕೃತಿಯಾ?”

ಎಲ್ಲವನ್ನೂ ಒಪ್ಪಿಕೊಂಡೆ. ಅವರು ಆ ಒಂದು ಹೂವನ್ನು ಎತ್ತಿ, ನೀರು ಕೊಡವಿ, ಅಂಗೈಯಲ್ಲಿಟ್ಟುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

“ಒಂದುಂಟಲ್ಲ, ಸಾಕು. ಉಳಿದ ನಾಲ್ಕಕ್ಕೆ ಗಣಪತಿ ನಿಮ್ಮನ್ನೇ ಕೇಳಲಿ.”

ಆಪರೇಷನ್ ಚೆನ್ನಾಗಿಯೇ ಆಯಿತು. ಅದರಲ್ಲಿ ನನ್ನ ಕೈವಾಡವೇನೂ ಇಲ್ಲ.

ನಾನು ಮುಟ್ಟದೆ ಬಿಟ್ಟ ಆ ಒಂದು, ಎಡಕ್ಕೆ ಸುತ್ತಿತ್ತೋ ಬಲಕ್ಕೋ? ಅಕ್ಕ ಹಿಡಿದು ನಿಂತಾಗ ನೋಡಬಹುದಿತ್ತು. ಆಗ ನಾನು ಅವರ ಚಪ್ಪಲಿಯನ್ನು ನೋಡುತ್ತಿದ್ದೆ. ಗೊತ್ತಿಲ್ಲ.