ಸುದ್ದಿ ಕೇಳಲು ಬರುವವರು

ನಾನು ಓದು ಬಿಟ್ಟಿದ್ದು ೧೯೮೯ರಲ್ಲಿ, ಏಳನೇ ಕ್ಲಾಸಿನ ನಡುವೆ. ಮೇಷ್ಟ್ರೂ ಬಿಡಿಸಲಿಲ್ಲ, ಅಪ್ಪನೂ ಬಿಡಿಸಲಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿತ್ತು. ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಅವನ್ನು ಬಿಡಲು ಕೈ ಸಾಲದೆ ಒಂದು ವಾರ ಉಳಿದುಕೊಂಡೆ. ಆ ವಾರ ಇನ್ನೂ ಮುಗಿದಿಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಶಿಡ್ಲಘಟ್ಟದ ಈ ಕಡೆ ನಮ್ಮೂರಿನಲ್ಲಿ ಸುದ್ದಿ ಅಂದರೆ ನಾನೇ ಆಗಿದ್ದೆ. ಬೆಳಿಗ್ಗೆ ಸೊಪ್ಪು ಕೊಯ್ದು ಹಾಕಿ ಹೋಟೆಲಿಗೆ ಹೋಗಿ ಪೇಪರ್ ಬಿಡಿಸಿದರೆ, ನಾನು ಗಟ್ಟಿಯಾಗಿ ಓದಿ ಮಡಚುವ ತನಕ ಯಾರೂ ಏಳುತ್ತಿರಲಿಲ್ಲ. ಫೋನು ಬಂದ ಮೇಲೆ ಊರಿನವರನ್ನೆಲ್ಲ ಸೇರಿಸಿ ಗ್ರೂಪು ಮಾಡಿದವನೂ ನಾನೇ. ಬಂದದ್ದನ್ನು ಬಂದ ಹಾಗೇ ದಾಟಿಸುವುದರಲ್ಲಿ ನನ್ನಷ್ಟು ಚುರುಕು ಚಿಂತಾಮಣಿವರೆಗೂ ಯಾರೂ ಇರಲಿಲ್ಲ. ‘ಅಣ್ಣಾ, ಇದಿ ನಿಜಮೇನಾ?’ ಅಂತ ತೆಲುಗಿನಲ್ಲೂ ಕೇಳುತ್ತಿದ್ದರು, ಕನ್ನಡದಲ್ಲೂ ಕೇಳುತ್ತಿದ್ದರು. ನಾನು ಎರಡರಲ್ಲೂ ‘ಹೂಂ’ ಅನ್ನುತ್ತಿದ್ದೆ.

ಈಗ ನನಗೊಂದು ಹೊಟ್ಟೆಕಿಚ್ಚು ಹತ್ತಿಕೊಂಡಿದೆ. ಎದುರುಮನೆಯವನ ಮೇಲಾದರೆ ಮನೆಗೆ ಬಂದು ಹೆಂಡತಿಯ ಹತ್ತಿರ ಬೈದುಕೊಂಡು ಹಗುರಾಗಬಹುದು. ನನ್ನದು ಹೆಂಡತಿಯ ಮೇಲೇ. ಯಾರ ಹತ್ತಿರ ಬೈಯಲಿ?

ಆದದ್ದಿಷ್ಟು. ಹೋದ ವರ್ಷ ಆಯುಧಪೂಜೆ ಮುಗಿದಿತ್ತು, ಬೈಕಿಗೆ ಹಚ್ಚಿದ ಕುಂಕುಮ ಇನ್ನೂ ಹಾಗೇ ಇತ್ತು. ಹುಳುಗಳು ಚಂದ್ರಿಕೆ ಹತ್ತಿ ಮೂರು ದಿನವಾಗಿತ್ತು. ಫೋನಿಗೊಂದು ವಾಯ್ಸ್ ಮೆಸೇಜು ಬಂತು: ‘ರೈತ ಬಾಂಧವರೇ, ನಾಳೆಯಿಂದ ಗೂಡಿನ ಮಾರುಕಟ್ಟೆ ಬಂದ್. ಇರೋ ಗೂಡನ್ನ ಇವತ್ತೇ ತನ್ನಿ.’ ಅಷ್ಟು ಕೇಳಿದ್ದೇ ಗ್ರೂಪಿಗೆ ಹಾಕಿದೆ. ಪಕ್ಕದ ಮನೆಯ ಮುನಿಶಾಮಪ್ಪ ನನ್ನ ಮಾತು ನಂಬಿ ಆಗಲೇ ಗೂಡು ಬಿಡಿಸಲು ಕೂತ. ನಾನೂ ಚಂದ್ರಿಕೆ ಕೆಳಗಿಳಿಸಿದೆ. ಹುಳು ಒಳಗೆ ಗಟ್ಟಿಯಾಗುವ ಮೊದಲೇ ಬಿಡಿಸಿದರೆ ಅದು ಒಡೆದು ಗೂಡೆಲ್ಲ ಕಲೆಯಾಗುತ್ತದೆ. ಹರಾಜಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಗೊತ್ತಿಲ್ಲದ್ದೇನಲ್ಲ. ಆದರೆ ಮಾರುಕಟ್ಟೆಯೇ ಮುಚ್ಚಿ, ಗೂಡಿನೊಳಗಿಂದ ಚಿಟ್ಟೆ ತೂತು ಮಾಡಿಕೊಂಡು ಹಾರಿಹೋದರೆ ಇಡೀ ಬೆಳೆಯೇ ಹೋಯಿತಲ್ಲ!

ನನ್ನ ಹೆಂಡತಿ ರತ್ನಮ್ಮ ಒಳಗಿನಿಂದ ಬಂದಳು. ನನಗಿಂತ ಎರಡು ಕ್ಲಾಸು ಕಡಿಮೆ ಓದಿದವಳು, ಇದನ್ನು ನೆನಪಿಟ್ಟುಕೊಳ್ಳಿ. ಒಂದು ಗೂಡು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಸದ್ದಿಲ್ಲ.

‘ಇನ್ನೂ ಹಸಿ. ಯಾರ್ರೀ ಬಿಡಿಸೋಕೆ ಹೇಳಿದ್ದು?’

‘ಮೆಸೇಜು ಬಂದಿದೆ ಕಣೇ.’

‘ಯಾರು ಕಳಿಸಿದ್ದು?’

‘ಗೌರಿಬಿದನೂರಿನ ನಿನ್ನ ತಮ್ಮ.’

‘ಅವನಿಗ್ಯಾರು ಕಳಿಸಿದ್ದು? ನನ್ನ ತಮ್ಮ ಬಂದ್ರೂ ಹುಳಕ್ಕೆ ರೋಗ ತಗುಲಬಾರದು ಅಂತ ಕಾಲು ತೊಳೆಸಿ, ಸುಣ್ಣ ತುಳಿಸಿ, ಯಾರ ಹುಳುಮನೆಗಾದ್ರೂ ಹೋಗಿದ್ಯೇನಪ್ಪ ಅಂತ ಕೇಳಿ ತಾನೇ ನಮ್ಮ ಹುಳುಮನೆ ಒಳಕ್ಕೆ ಬಿಡೋದು? ಈ ಮೆಸೇಜನ್ನ ಮಾತ್ರ ಸೀದಾ ಬಿಟ್ಕೊಂಡ್ರಾ? ಕೊನೇವರೆಗೂ ಕೇಳಿದ್ರಾ?’

ಕೇಳಿರಲಿಲ್ಲ. ಅವಳೇ ಪೂರ್ತಿ ಹಾಕಿ ಕೇಳಿಸಿದಳು. ಕೊನೆಗೆ ಆ ಮಹಾನುಭಾವ ಹೇಳಿದ್ದು: ‘ಎಲ್ಲರಿಗೂ ಯುಗಾದಿ ಹಬ್ಬದ ಶುಭಾಶಯಗಳು.’

ಅಷ್ಟಕ್ಕೂ ಬಿಡದೆ, ನಮ್ಮ ಗೂಡು ಕೊಳ್ಳುವ ರೀಲರ್ ಬಾಷಾ ಭಾಯಿಗೆ ಫೋನು ಮಾಡಿದಳು. ‘ಇಲ್ಲಮ್ಮಾ, ನಾಳೆ ಮಾರ್ಕೆಟ್ ಇದೆ, ನಾಡಿದ್ದೂ ಇದೆ. ಹಸಿ ಗೂಡು ಮಾತ್ರ ತರಬೇಡಿ, ಕೈಮುಗೀತೀನಿ’ ಅಂದ ಅವನು. ಆಮೇಲೆ ನನ್ನ ಫೋನಿನಿಂದ, ನಾನು ಮಾಡಿದ ಗ್ರೂಪಿಗೆ, ಅವಳ ದನಿ ಹೋಯಿತು: ‘ಯಾರೂ ಗೂಡು ಬಿಡಿಸಬೇಡಿ. ಅದು ಹಳೇದು. ಬಾಷಾ ಭಾಯಿನ ಕೇಳಿದೀನಿ.’ ಮುನಿಶಾಮಪ್ಪನ ನಷ್ಟ ಒಂದು ಚಂದ್ರಿಕೆಗೆ ನಿಂತಿತು. ಆ ಹಸಿ ಗೂಡನ್ನು ಬುಟ್ಟಿಯಲ್ಲಿ ತಂದು ನಮ್ಮ ಜಗಲಿಯ ಮೇಲಿಟ್ಟು, ‘ಇಟ್ಕೊಳ್ಳಣ್ಣ, ನಿನ್ನ ಸುದ್ದಿ’ ಅಂತ ಹೇಳಿ ಹೋದ.

ಅಂದಿನಿಂದ ಊರಿನ ದಾರಿ ನಮ್ಮ ಜಗಲಿ ದಾಟಿ ಅಡುಗೆಮನೆಗೆ ಹೋಗುತ್ತಿದೆ. ಮಂಡಿಕಲ್ಲಿನ ನೆಂಟರು ಕೂಡ ಮೆಸೇಜು ಹಿಡಿದುಕೊಂಡು, ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಾರೆ. ಅವಳು ಒಂದು ಸಲ, ಒಂದೇ ಒಂದು ಸಲ, ತಪ್ಪು ಹೇಳಲಿ ಅಂತ ನಾನು ಕಾದೆ. ಹುಡುಕಿ ಹುಡುಕಿ ಒಂದು ಕಷ್ಟದ್ದನ್ನು ತಂದೆ: ಯಾವುದೋ ಎಲೆಯ ರಸ ಕುಡಿದರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದಂತೆ. ನಾಲ್ಕು ಜನ ಕೂತಿದ್ದಾಗಲೇ ಮುಂದಿಟ್ಟೆ. ಓದಿ, ‘ನಂಗೆ ಗೊತ್ತಿಲ್ಲಪ್ಪ. ಡಾಕ್ಟ್ರನ್ನ ಕೇಳದೆ ಯಾರೂ ಕುಡೀಬೇಡಿ’ ಅಂದುಬಿಟ್ಟಳು. ಸಿಕ್ಕಿಬಿದ್ದಳು ಅಂತ ನಾನು ಹಿಗ್ಗಿದೆ. ಕೂತವರು ಏನಂದರು ಗೊತ್ತೇ? ‘ನೋಡಿ, ಗೊತ್ತಿಲ್ಲ ಅಂತ ಎಷ್ಟು ನೇರವಾಗಿ ಹೇಳ್ತಾರೆ ಅಕ್ಕ!’ ಅಷ್ಟು ವರ್ಷ ನಾನು ಎಲ್ಲ ಗೊತ್ತು ಅಂದಿದ್ದಕ್ಕೆ ಒಬ್ಬನೂ ಹೀಗೆ ಹೊಗಳಿರಲಿಲ್ಲ.

ನಾನು ಕಲಿತಿಲ್ಲ ಅಂತಲ್ಲ. ಈಗ ಯಾವುದನ್ನೂ ಕೊನೆಯವರೆಗೆ ಕೇಳದೆ ದಾಟಿಸುವುದಿಲ್ಲ. ಕೇಳಿದ ಮೇಲೂ, ಅವಳು ಸೊಪ್ಪಿಗೆ ಹೋದ ಹೊತ್ತು ನೋಡಿ ಬಾಷಾ ಭಾಯಿಗೆ ಕದ್ದು ಫೋನು ಮಾಡುತ್ತೇನೆ. ‘ಅಕ್ಕ ಆಗಲೇ ಕೇಳಿದ್ರಲ್ಲಣ್ಣ’ ಅನ್ನುತ್ತಾನೆ ಆ ಪುಣ್ಯಾತ್ಮ.

ಈಗ ನನ್ನ ಹತ್ತಿರ ಇರುವುದು: ಎರಡು ಎಕರೆ ಹಿಪ್ಪುನೇರಳೆ, ಒಂದು ಹುಳುಮನೆ, ಒಂದು ಬೈಕು, ಒಂದು ಫೋನು, ನಾನೇ ಮಾಡಿದ ಒಂದು ಗ್ರೂಪು. ನನ್ನ ಹತ್ತಿರವೇ ಸುದ್ದಿ ಕೇಳಲು ಬರುವವನು ಒಬ್ಬ, ಮುನಿಶಾಮಪ್ಪ. ಅವನು ದಿನಾ ಜಗಲಿಯ ಮುಂದೆ ನಿಂತು ಕೇಳುತ್ತಾನೆ, ‘ಅಣ್ಣಾ, ಅಕ್ಕ ಮನೇಲಿದಾರಾ?’