ರೋಸ್, ರೋಷ ಮತ್ತು ಪುನರ್ಪುಳಿ

ನನ್ನ ಮಿದುಳಿಗೆ ತುಕ್ಕು ಹಿಡಿದಿದೆಯೆಂದು ಹೇಳುವ ಗಂಡು ನಮ್ಮ ಕಾಪುವಿನಲ್ಲಿ ಇನ್ನೂ ಹುಟ್ಟಿಲ್ಲ! ಹೆಣ್ಣು ಆಗಲೇ ಹುಟ್ಟಿ, ನನ್ನನ್ನು ಮದುವೆಯಾಗಿ ಮೂವತ್ತು ವರ್ಷವಾಗಿದೆ, ಅದು ಬೇರೆ ಮಾತು.

ಮಗಳು ಮೆಲಿಷಾಳ ಮದುವೆಯಲ್ಲಿ ಮೈಕ್ ಹಿಡಿದು ವಧೂವರರನ್ನು ಹರಸುವ ಟೋಸ್ಟ್ ನಾನೇ ಮಾಡಬೇಕೆಂಬುದು ನನ್ನ ಒಂದೇ ಆಸೆ. ಹೆಂಡತಿ ಮೇಬಲ್ ಅದನ್ನು ತನ್ನ ತಮ್ಮ ಸ್ಯಾಮ್ಸನ್‌ಗೆ ಕೊಟ್ಟುಬಿಟ್ಟಳು!

"ಯಾಕೆ, ನನಗೆ ಬಾಯಿ ಇಲ್ವಾ?"

"ಬಾಯಿ ಉಂಟು, ನೆನಪು ಎಲ್ಲುಂಟು? ನಿಶ್ಚಿತಾರ್ಥದ ದಿನ ಅಳಿಯ ಜೋಯಲ್‌ನನ್ನು ಮೂರು ಸಲ ಬ್ರ್ಯಾಂಡನ್ ಅಂತ ಕರೆದವರು ಯಾರು?"

ಬ್ರ್ಯಾಂಡನ್ ಎಂದರೆ ಎದುರು ಮನೆಯ ನಾಯಿ. ಆದರೂ ಸಿಟ್ಟು ನೆತ್ತಿಗೇರಿತು.

ಮರುದಿನವೇ ಮಣಿಪಾಲದಲ್ಲಿ ಒಬ್ಬ ಡಾಕ್ಟರರ ಉಪನ್ಯಾಸಕ್ಕೆ ಹೋದೆ. ನಾವು ಉಸಿರಾಡುವ ಆಮ್ಲಜನಕವೇ ಮೈಯೊಳಗೆ ಪುಂಡು ಕಣಗಳನ್ನು ಹುಟ್ಟಿಸುತ್ತದಂತೆ. ಕಡಲಗಾಳಿಗೆ ನಮ್ಮ ಗೇಟು ತುಕ್ಕು ಹಿಡಿದ ಹಾಗೆ ಅವು ಮಿದುಳಿನ ನರಕೋಶಗಳನ್ನು ಕೆಡಿಸುತ್ತವಂತೆ, ನೆನಪು ಮಾಸುತ್ತದಂತೆ. ಹಣ್ಣು ತರಕಾರಿಗಳಲ್ಲಿರುವ ಫ್ಲೇವನಾಯ್ಡ್‌ಗಳು ಈ ಪುಂಡರನ್ನು ಅಡ್ಡಗಟ್ಟಿ ಕೋಶಗಳನ್ನು ಕಾಯುತ್ತವಂತೆ. ನಾವು ಶರಬತ್ತು ಮಾಡುವ ಹುಳಿ ಹಣ್ಣು ಪುನರ್ಪುಳಿಯ ಕೆಂಪು ಕೂಡ ಅದೇ ಜಾತಿ! "ಇದು ಲ್ಯಾಬಿನಲ್ಲಿ ಕಂಡದ್ದು, ತಿಂದದ್ದರಲ್ಲಿ ಎಷ್ಟು ಮಿದುಳಿಗೆ ತಲುಪುತ್ತದೆ ಅಂತ ಇನ್ನೂ ಖಚಿತ ಇಲ್ಲ" ಎಂದೂ ಅವರು ಹೇಳಿದರು. ನಾನು ಅಷ್ಟರಲ್ಲೇ ಚಪ್ಪಾಳೆ ತಟ್ಟತೊಡಗಿದ್ದೆ.

ಕಾರ್ಕಳದ ಸೋಫಿಯಾ ಅಕ್ಕನಿಂದ ಒಣಗಿಸಿದ ಪುನರ್ಪುಳಿ ಸಿಪ್ಪೆ ತರಿಸಿ, ನೆನೆಹಾಕಿ, ಮೇಬಲ್‌ಗೆ ಫ್ಲೇವನಾಯ್ಡಿನ ಮಹಿಮೆ ಹೇಳುತ್ತ ಹತ್ತು ದಿನ ಕುಡಿದೆ. ನಾಲಿಗೆ ಕೆಂಪಾಯಿತು. ಕಣ್ಣು ಮೊದಲೇ ಕೆಂಪಾಗಿತ್ತು.

ಮದುವೆಯ ಮುನ್ನಾದಿನ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ ಅದು. ನಮ್ಮ ಕೊಂಕಣಿಯಲ್ಲಿ ಶಾಸ್ತ್ರಕ್ಕೂ ರೋಸ್, ತೆಂಗಿನ ಹಾಲಿಗೂ ರೋಸ್! ಮಗಳನ್ನು ಕರೆದುಕೊಂಡು ಉಡುಪಿಯ ಬ್ಯೂಟಿ ಪಾರ್ಲರಿಗೆ ಹೋಗಿದ್ದ ಮೇಬಲ್ ಫೋನ್ ಮಾಡಿದಳು.

"ಫ್ರಿಜ್ಜಿನಲ್ಲಿ ದೊಡ್ಡ ಪಾತ್ರೆಯಲ್ಲಿ ರೋಸ್ ಉಂಟು. ಹೊರಗೆ ತೆಗೆದಿಡಿ. ಬೇರೆ ಎಂತದೂ ಮಾಡಬೇಡಿ, ನಿಮ್ಮ ದಮ್ಮಯ್ಯ!"

ಎಂತದೂ ಮಾಡಬೇಡಿ ಅಂತೆ! ನಾನೇನು ಎಳೆ ಮಗುವೇ? ಮೈಯೆಲ್ಲ ಉರಿಯಿತು. ಅಂಗಳದಲ್ಲಿ ಐವತ್ತು ನೆಂಟರು ಸೆಖೆಗೆ ಬೇಯುತ್ತಿದ್ದರು. ಅಂದರೆ ಐವತ್ತು ಮಿದುಳುಗಳು ತುಕ್ಕು ಹಿಡಿಯುತ್ತಿದ್ದವು! ಶಾಸ್ತ್ರದ ರೋಸ್ ಬೇರೆಲ್ಲೋ ಇರಬೇಕು, ಇದು ಕುಡಿಯುವ ರೋಸ್ ಎಂದು ನನ್ನ ಹರಿತವಾದ ಮಿದುಳು ತೀರ್ಪು ಕೊಟ್ಟಿತು. ಪುನರ್ಪುಳಿ ನೀರು ಸುರಿದೆ. ಉಪ್ಪು, ಹಸಿಮೆಣಸು, ಜಜ್ಜಿದ ಬೆಳ್ಳುಳ್ಳಿ ಹಾಕಿದೆ. ಹಾಲು ಗುಲಾಬಿಯಾಯಿತು. ರೋಸ್ ನಿಜವಾಗಿಯೂ ರೋಸ್ ಆಯಿತೆಂದು ಒಬ್ಬನೇ ನಕ್ಕೆ. ಲೋಟಗಳಿಗೆ ತುಂಬಿಸಿ ನೆಂಟರಿಗೆಲ್ಲ ಹಂಚಿದೆ.

"ಭಾವ, ಭಾರೀ ಲಾಯ್ಕುಂಟು! ಇನ್ನೊಂದು ಲೋಟ ಕೊಡಿ" ಎಂದು ಸ್ಯಾಮ್ಸನ್ ಮತ್ತೆ ಮತ್ತೆ ಲೋಟ ಚಾಚಿದ. ಪಾತ್ರೆ ಬರಿದಾಯಿತು.

ಅಷ್ಟರಲ್ಲಿ ಮೇಬಲ್ ಬಂದಳು. ಮೆಲಿಷಾಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಹಾಡು ಶುರುವಾಯಿತು.

"ರೋಸ್ ಎಲ್ಲಿ?"

"ಕುಡಿದಾಯಿತು."

"ಯಾರು ಕುಡಿದದ್ದು?"

"ಎಲ್ಲರೂ."

ಹಾಡು ನಿಂತಿತು.

"ಮಗಳ ತಲೆಗೆ ಹಾಕುವುದನ್ನು ನೆಂಟರ ಹೊಟ್ಟೆಗೆ ಹಾಕಿದ್ರಾ! ನಿಮ್ಮಿಂದ ನಾನು ರೋಸಿ ಹೋದೆ!"

"ಎರಡಕ್ಕೂ ಒಂದೇ ಹೆಸರಿಟ್ಟವರನ್ನು ಹೋಗಿ ಕೇಳು! ಪಾತ್ರೆಯ ಮೇಲೆ ಬರೆದಿತ್ತಾ?" ನಾನೂ ಗಂಟಲು ಹರಿಯುವಂತೆ ಕಿರುಚಿದೆ.

ಆಗ ಸ್ಟೂಲಿನಿಂದ ಸಣ್ಣ ದನಿ ಬಂತು. "ಪಪ್ಪಾ, ನನ್ನ ರೋಸ್ ಕೂಡ ಮರೆತಿರಾ?"

ಅವಳ ಕಣ್ಣು ತುಂಬಿತ್ತು. ನನ್ನ ರೋಷವೆಲ್ಲ ಅಲ್ಲೇ ಜರ್ರೆಂದು ಇಳಿದುಹೋಯಿತು. ಹೊಸ ಪ್ಯಾಂಟಿನಲ್ಲೇ ಹೆರೆಮಣೆ ಏರಿದೆ. ಹತ್ತು ತೆಂಗಿನಕಾಯಿ ಹೆರೆದೆ, ಎರಡು ಬೆರಳನ್ನೂ ಹೆರೆದುಕೊಂಡೆ, ಹಿಂಡಿ ಹಾಲು ತೆಗೆದೆ. ಮೊದಲ ಬೊಗಸೆ ನಾನೇ ತಲೆಗೆ ಹಚ್ಚಿದಾಗ ಮೆಲಿಷಾ ನಕ್ಕಳು.

ಧೈರ್ಯ ಬಂತು. ಮೇಬಲ್‌ಳ ಕಿವಿಯಲ್ಲಿ ಹೇಳಿದೆ, "ನಾಳೆಗೆ ಇದನ್ನೆಲ್ಲ ಜನ ಮರೆತಿರುತ್ತಾರೆ. ಟೋಸ್ಟ್ ನಾನೇ..."

"ಮರೆಯುವುದಾ? ಒಬ್ಬೊಬ್ಬರಿಗೆ ಲೋಟಗಟ್ಟಲೆ ಫ್ಲೇವನಾಯ್ಡ್ ಕುಡಿಸಿದ್ದೀರಲ್ಲ ಮಾರಾಯ್ರೆ! ಇನ್ನು ಸಾಯುವವರೆಗೆ ಒಬ್ಬರೂ ಮರೆಯುವುದಿಲ್ಲ!"

ಮರುದಿನ ಸ್ಯಾಮ್ಸನ್ ಮೈಕ್ ಹಿಡಿದ. ಕೈಯಲ್ಲಿ ಚೀಟಿಯಿಲ್ಲ, ಬಾಯಲ್ಲಿ ತಡವರಿಕೆಯಿಲ್ಲ. ಹಸಿಮೆಣಸನ್ನೂ ಬಿಡದೆ ನನ್ನ ರೋಸಿನ ಕಥೆಯನ್ನು ಇಡೀ ಸಭೆಗೆ ಹೇಳಿ ಮುಗಿಸಿದ.

ಹಾಳಾದವನು ನಾಲ್ಕು ಲೋಟ ಕುಡಿದಿದ್ದ!