ಕುರ್ಚಿಯ ಮೇಲಿನ ದಿಂಬು

ಅತ್ತಿಗೆ: ಆ ದಿಂಬು ನಮ್ಮನೇದು. ಕವರು ಹೊಲಿದೋಳು ನಾನು. ಕೊಡಿ ಈಚೆ.

ದರ್ಜಿ: ಕೊಡಲ್ಲ ಅತ್ತಿಗೆ. ದಿಂಬು ಹೋದ್ರೆ ಕುರ್ಚಿನೂ ಹೋಗುತ್ತೆ. ಖಾಲಿ ಇದೆ ಅಂತ ಪಕ್ಕದ ಟೇಬಲ್ಲಿನೋರು ಎಳ್ಕೊಂಡುಬಿಡ್ತಾರೆ.

ಕಾಫಿ ಹೌಸಿನ ಮೂಲೆ ಮೇಜು. ಆ ಕಡೆ ದರ್ಜಿ, ಈ ಕಡೆ ಕೆಲಸ ಬಿಟ್ಟ ಬಸ್ ಡ್ರೈವರ್, ನಡುವೆ ಅತ್ತಿಗೆಯ ಗಂಡ ಕೂರುತ್ತಿದ್ದ ಕುರ್ಚಿ. ಅವನು ತೀರಿಕೊಂಡ ಮೇಲೆ ಅವಳು ಇಲ್ಲಿಗೆ ಬಂದದ್ದು ಇದೇ ಮೊದಲು. ಇದ್ದಾಗಲೂ ಬಂದವಳಲ್ಲ, ಫೋನಿನಲ್ಲೇ ಬೈಯುತ್ತಿದ್ದಳು. ಅವನು "ದಾರೀಲಿದ್ದೀನಿ ಕಣೇ" ಅನ್ನುತ್ತಿದ್ದ. ಹಿಂದೆ ಲೋಟಗಳ ಸದ್ದು ಕೇಳುತ್ತಿತ್ತು.

ಡ್ರೈವರ್: ಅವನಿಲ್ದೆ ಎಲ್ಲಾ ಸಪ್ಪೆ. ನಾನೇನಂದ್ರೂ ಇವನು ಹೌದು ಅಂತಾನೆ. ಕಾಫಿ ಆರೋ ಮುಂಚೆ ಮಾತು ಮುಗಿದಿರುತ್ತೆ. ಅವನದು ಎಂಥಾ ಬಾಯಿ!

ಅತ್ತಿಗೆ: ನಮ್ಮನೆಯವರದಾ? ಕೆಮ್ಮೋಕೂ ನನ್ನ ಮುಖ ನೋಡ್ತಿದ್ರು.

ಡ್ರೈವರ್: ಸಂಘದ ಎಲೆಕ್ಷನ್ನಿಗೆ ನಿಲ್ತೀನಿ ಅಂದಾಗ ನನಗೇನಂದ ಗೊತ್ತಾ? "ಮನೆ ನಲ್ಲಿ ಸೋರೋದು ನಿಲ್ಲಿಸೋಕಾಗಲ್ಲ, ಊರು ಉದ್ಧಾರ ಮಾಡೋಕೆ ಹೊರಟ!"

ಅತ್ತಿಗೆ: ಅದು ನಮ್ಮನೆ ನಲ್ಲಿ! ನಾನು ಅವರಿಗೆ ಬೈದಿದ್ದು ಅದು! ಇನ್ನೂ ಸೋರ್ತಿದೆ.

ದರ್ಜಿ: ನನಗೆ, "ಹೊಟ್ಟೆ ಒಳಗೆಳ್ಕೊಂಡ್ರೆ ವಯಸ್ಸು ಒಳಗೆ ಹೋಗುತ್ತಾ?" ಅಂದಿದ್ದ.

ಅತ್ತಿಗೆ: ಅದೂ ನಂದೇ. ಕನ್ನಡಿ ಮುಂದೆ ನಿಂತಿದ್ರು.

ಡ್ರೈವರ್: ಅಂದ್ರೆ ಬೆಳಿಗ್ಗೆ ಅಲ್ಲಿ ಬೈಸ್ಕೊಂಡಿದ್ದನ್ನ ಸಂಜೆ ನಮಗೆ ಹಂಚ್ತಿದ್ನಾ?

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾನೆಂದು ಜೀವಮಾನವಿಡೀ ಗಂಟಲು ಹರಿದುಕೊಂಡಿದ್ದಳು. ಒಂದಕ್ಷರ ಬಿಟ್ಟಿರಲಿಲ್ಲ ಮಹಾರಾಯ.

ಅತ್ತಿಗೆ: (ಮೂಗೊರೆಸಿಕೊಂಡು) ಇಷ್ಟು ನೆನಪಿಟ್ಕೊಳ್ತಾರೆ ಅಂತ ಗೊತ್ತಿದ್ರೆ ಎರಡು ಒಳ್ಳೇ ಮಾತೂ ಆಡಿರ್ತಿದ್ದೆ.

ದರ್ಜಿ: ಆಡಿದ್ರೆ ಇಲ್ಲಿ ಅವನಿಗೇನು ಕೆಲಸ ಇರ್ತಿತ್ತು?

ಡ್ರೈವರ್: ದಿಂಬು ತಗೊಂಡ್ಹೋಗಿ ಅತ್ತಿಗೆ. ನಿಮ್ದೇ ಅದು.

ದರ್ಜಿ: ಹೌದು ಹೌದು.

ಅತ್ತಿಗೆ: ಥೂ! ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಕೋಲೆ ಬಸವನೂ ನಿಮ್ಮಷ್ಟು ತಲೆ ಆಡಿಸಲ್ಲ. ಜರುಗಿ ಆಚೆ!

ಇಬ್ಬರೂ ಮೇಜು ಕುಟ್ಟಿ ನಕ್ಕರು. ಅವಳು ಕೂತಳು. ಕಾಫಿ ಬಂತು, ಜಗಳ ಬಂತು, ಇನ್ನೊಂದು ಕಾಫಿ ಬಂತು. ದೀಪ ಹಾಕಿದ ಮೇಲೆ ಫೋನು ಬಡಿದುಕೊಂಡಿತು.

ಸೊಸೆ: ಅತ್ತೆ, ದಿಂಬು ತರ್ತೀನಿ ಅಂತ ಹೋದೋರು ಎಲ್ಲಿದ್ದೀರಾ?

ಅವಳು ದಿಂಬಿಗೆ ಒರಗಿ, ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟಳು.

ಅತ್ತಿಗೆ: ದಾರೀಲಿದ್ದೀನಿ ಕಣೇ.

ಡ್ರೈವರ್: (ಮೆಲ್ಲಗೆ) ಇದು ಮಾತ್ರ ಅವನದೇ.